ಕಂಬ ನೋಡದೆ ಕೂರಿಸಿದ ಗಿರಣಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಾಗರದಲ್ಲಿ ನನ್ನದೊಂದು ಮೋಟರು ರಿಪೇರಿ ಅಂಗಡಿ ಇತ್ತು. ಯಂತ್ರದ ವಿಷಯದಲ್ಲಿ ನನ್ನ ಮಾತಿಗೆ ಎದುರಿಲ್ಲ ಎಂಬ ಜಂಬವೂ ಇತ್ತು. ಆ ಜಂಬ ಇಳಿದದ್ದು ಅರಳಸುರಳಿಯ ಒಂದು ಕರೆಂಟು ಕಂಬದ ಬುಡದಲ್ಲಿ.

ಹೊಸನಗರದಲ್ಲಿ ಒಬ್ಬ ಅಕ್ಕ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರಿಗೂ ಮಗಳಿಗೂ ಅದೇ ಅನ್ನ. ಗಿರಣಿಯಿದ್ದ ಜಾಗವನ್ನು ಮೈದುನ ವಾಪಸು ಕೇಳಿದ. ತವರೂರಾದ ಅರಳಸುರಳಿಗೆ ಗಿರಣಿ ಸಾಗಿಸಲು ತೀರ್ಮಾನಿಸಿದ ಅಕ್ಕ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲಿ ಕರೆಂಟು ಸಾಕಾಗ್ತದಾ, ಮಾರಾಯ?”

ಅರಳಸುರಳಿಯಲ್ಲಿ ಅವರ ತಮ್ಮನ ಮನೆ ಜಗುಲಿಯಲ್ಲಿ ಬಲ್ಬು ಉರಿಯುವುದನ್ನು ನಾನು ನೋಡಿದ್ದೆ. “ಆಗ್ತದೆ ಅಕ್ಕಾ, ನಾನಿಲ್ವಾ?” ಅಂದುಬಿಟ್ಟೆ.

ಯಂತ್ರದ ಮುಖ ಯಾವ ದಿಕ್ಕಿಗಿರಬೇಕೆಂದು ಭಟ್ಟರನ್ನು ಕೇಳಿದೆವು. ಪೂರ್ವಕ್ಕೆ ಅಂದರು. ತಮ್ಮನ ಮನೆ ಪಕ್ಕದ ಕೋಣೆಯಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ, ರಸಮಟ್ಟ ಇಟ್ಟು ನೋಡಿ, ಮೋಟರನ್ನು ಬೋಲ್ಟು ಬಿಗಿದು ಕೂರಿಸಿದೆ. ಕಾಯಿ ಒಡೆದು ಕುಂಕುಮ ಹಚ್ಚಿದ್ದೂ ಆಯಿತು. ಆಮೇಲೆ ಲೈನ್‌ಮನ್ ಬಂದ. ಒಳಗೂ ಬರಲಿಲ್ಲ, ಅಂಗಳದಲ್ಲೇ ನಿಂತು ಕತ್ತೆತ್ತಿದ.

“ನಿಮ್ದು ತ್ರೀ ಫೇಸ್ ಮೋಟರಲ್ವಾ? ಇಲ್ಲಿರೋದು ಎರಡೇ ತಂತಿ. ಬಲ್ಬು ಉರೀತದೆ, ಗಿರಣಿ ತಿರುಗಲ್ಲ.”

ನಾನೂ ಹೊರಗೆ ಬಂದು ಕತ್ತೆತ್ತಿ ಎಣಿಸಿದೆ. ಇಂಥ ಮೋಟರು ತಿರುಗಲು ಕಂಬದ ಮೇಲೆ ನಾಲ್ಕು ತಂತಿ ಇರಬೇಕೆಂಬುದು ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ. ನಾಲ್ಕು ದಿನ ನಾನು ಬೆನ್ನು ಒರಗಿಸಿ ಕೂತದ್ದೂ ಅದೇ ಕಂಬಕ್ಕೆ! ದಿಕ್ಕು ಕೇಳಿದ್ದೆವು, ಗಳಿಗೆ ಕೇಳಿದ್ದೆವು, ಒಬ್ಬರೂ ಮೇಲೆ ನೋಡಿರಲಿಲ್ಲ. ಹೊಸನಗರಕ್ಕೆ ಹಿಂತಿರುಗುವಂತೆಯೂ ಇರಲಿಲ್ಲ, ಮೈದುನ ಅಲ್ಲಿ ಆಗಲೇ ದನ ಕಟ್ಟಿದ್ದ.

“ಮತ್ತೆಂತ ಮಾಡೋದು?” ಅಂದರು ಅಕ್ಕ, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಅಂಗಡಿಯ ಹಳೆಯ ಡೀಸೆಲ್ ಎಂಜಿನ್ನನ್ನೇ ತಂದೆ. ಅದರ ತೂತುಗಳು ಮೋಟರಿನ ಬೋಲ್ಟುಗಳಿಗೆ ಹೊಂದಲಿಲ್ಲ. ಪೂಜೆ ಮಾಡಿದ ಕಟ್ಟೆಯನ್ನು ಹಾರೆ ಹಿಡಿದು ನಾನೇ ಒಡೆದೆ. ಮತ್ತೆ ಕಟ್ಟಿ, ಬೆಲ್ಟು ಎಳೆದು ಕೂರಿಸಿದ ಮೇಲೆ ಗಿರಣಿ ತಿರುಗಿತು. ಹ್ಯಾಂಡಲ್ ಹಾಕಿ ಎಂಜಿನ್ ಎಬ್ಬಿಸುವುದನ್ನು ಅಕ್ಕನಿಗೆ ಕಲಿಸಿ ಬಸ್ಸು ಹತ್ತಿದೆ. ತಪ್ಪು ತಿದ್ದಿದೆ ಅಂದುಕೊಂಡಿದ್ದೆ.

ಎರಡು ಮಳೆಗಾಲ ಕಳೆದು ಊರಿಗೆ ಹೊಸ ತಂತಿ ಬಂತು. ಮೋಟರನ್ನು ಮತ್ತೆ ಕೂರಿಸಿಕೊಡಲು ಹೋದೆ. ಈ ಸಲ ಅಂಗಳದಲ್ಲಿ ನಿಂತು ಎರಡೆರಡು ಸಲ ಎಣಿಸಿದೆ. ನಾಲ್ಕಿದ್ದವು. ಕೆಲಸ ಮುಗಿದ ಮೇಲೆ ಸ್ವಿಚ್ಚು ಹಾಕಲು ಅಕ್ಕನನ್ನೇ ಕರೆದೆ. ಅವರು ಬಲಗೈಯನ್ನು ಸೆರಗಿನಡಿಯಲ್ಲೇ ಇಟ್ಟುಕೊಂಡು ಎಡಗೈ ಚಾಚಿ ಸ್ವಿಚ್ಚು ಹಾಕಿದರು, ಗಿರಣಿ ತಿರುಗಿತು. ಸೆರಗು ಸರಿದಾಗಲೇ ನಾನು ಬಲಗೈ ನೋಡಿದ್ದು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು.

“ಇದೆಂತಾಯ್ತು ಅಕ್ಕಾ?”

“ಎಂಜಿನ್ ಹ್ಯಾಂಡಲ್ ತಿರುಗಿ ಹೊಡೀತು. ಹೋದ್ವರ್ಷ.”

“ನಂಗೊಂದು ಮಾತು ಹೇಳಿ ಕಳಿಸ್ಬಾರ್ದಾಗಿತ್ತಾ?”

“ಹೇಳಿದ್ರೆ ನೀನು ಇನ್ನೊಂದು ಯಂತ್ರ ತರ್ತಿದ್ದೆ, ಮಾರಾಯ,” ಎಂದು ಅಕ್ಕ ಎಡಗೈಯಲ್ಲೇ ಡಬ್ಬ ಎತ್ತಿ ಉದುರುತ್ತಿದ್ದ ಹಿಟ್ಟಿಗೆ ಹಿಡಿದರು.