ಕಸವಿಲ್ಲದ ಖಾನಾವಳಿ

1976ರಲ್ಲಿ ನಾನು ಶಾಲೆ ಬಿಟ್ಟೆ. ಆರನೇ ಇಯತ್ತೆ ಮುಗಿದಿತ್ತು, ಏಳಕ್ಕೆ ಹೆಸರು ಹಚ್ಚಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಶಾಲೆ ಬಿಟ್ಟವನು ಎಂದ ಕೂಡಲೇ ಕಲಿತವರು ಒಂದು ಥರದ ಮುಖ ಮಾಡುತ್ತಾರೆ. ಆ ಮುಖ ನನಗೆ ಬೇಕಿಲ್ಲ. ನಮ್ಮೂರು ಐರಣಿಯಿಂದ ಹಾವೇರಿಗೆ ಬಂದು, ಬಸ್ ನಿಲ್ದಾಣದ ಹಿಂದಿನ ಒಂದು ಖಾನಾವಳಿಯಲ್ಲಿ ತಾಟು ತೊಳೆಯಲು ನಿಂತೆ. ಆಗಿನ್ನೂ ಹಾವೇರಿ ಜಿಲ್ಲೆಯಾಗಿರಲಿಲ್ಲ. ಕೋರ್ಟಿಗೆ ಬಂದವರು, ಸಂತೆಗೆ ಬಂದವರು, ರೈಲು ತಪ್ಪಿಸಿಕೊಂಡವರು ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು.

ಅಲ್ಲಿ ನನಗೆ ಕಲಿಸಿದ ಮೊದಲ ಕೆಲಸ ತಾಟು ತೊಳೆಯುವುದಲ್ಲ, ತಾಟು ಬಳಿಯುವುದು. ಉಂಡೆದ್ದ ತಾಟಿನಲ್ಲಿ ಉಳಿದ ಅನ್ನ, ರೊಟ್ಟಿ ಚೂರು, ಸಾರು ಎಲ್ಲ ಮುಸುರೆ. ಅದು ಹಿತ್ತಲ ಬಾನಿಗೆ ಬಿದ್ದು ಅಲ್ಲಿಂದ ಎಮ್ಮೆಗೆ ಹೋಗುತ್ತದೆ. ಬಾನಿಗೆ ಹಾಕುವ ಮುನ್ನ ಬೆರಳಿನಿಂದ ಕೆದರಿ ನೋಡಬೇಕು. ಬೀಡಿ ತುಂಡು, ಬೆಂಕಿಕಡ್ಡಿ, ಗುಂಡುಪಿನ್ನು ಕಂಡರೆ ಆರಿಸಿ ತೆಗೆಯಬೇಕು. ಎಮ್ಮೆಯ ಮೊಸರು ಮರುದಿನ ಅದೇ ತಾಟಿಗೆ ಬರುತ್ತದೆ. ಒಮ್ಮೆ ನಾನು ನೋಡದೆ ಬಿಟ್ಟ ಬೆಂಕಿಕಡ್ಡಿಯನ್ನು ಮಾಲೀಕರು ಬಾನಿಯಿಂದ ತೆಗೆದು, ನನ್ನ ಊಟದ ತಾಟಿನಲ್ಲಿ ಅನ್ನದ ಮೇಲಿಟ್ಟು, "ಉಣ್ಣಪಾ," ಎಂದರು. ಬೈಯಲಿಲ್ಲ. ಮತ್ತೆ ನನ್ನ ಕೈ ತಪ್ಪಲಿಲ್ಲ.

ಆಮೇಲೆ ರಾಣೆಬೆನ್ನೂರಿನಲ್ಲಿ ಅಡುಗೆ ಕಲಿತೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ಹಮಾಲರಿಗೆ ರೊಟ್ಟಿ ಬಡಿಸಿದೆ. ಕೊನೆಗೆ ಈ ಮೂರು ಊರುಗಳ ಪೈಕಿ ಒಂದರಲ್ಲಿ ನನ್ನದೇ ಖಾನಾವಳಿ ತೆರೆದೆ. ಯಾವ ಊರು ಎಂದು ಬರೆಯುವುದಿಲ್ಲ. ಇಲ್ಲಿ ಬೈಸಿಕೊಳ್ಳುವವರ ಮುಖವನ್ನು ನಾನು ನಾಳೆಯೂ ನೋಡಬೇಕು, ಅವರು ನನ್ನ ಕೈಯಡುಗೆ ಉಣ್ಣಬೇಕು.

ನಾನು ಹಿಡಿದ ಕಟ್ಟಡದ ಹಿಂದಿನ ಓಣಿಯಲ್ಲಿ ಒಂದು ಕಲ್ಲಿನ ಬಾನಿ ಇತ್ತು. ನಾಲ್ಕು ಜನ ಸೇರಿದರೂ ಅಲುಗದಂಥದ್ದು. ಅದನ್ನು ನೋಡಿಯೇ ಕಟ್ಟಡಕ್ಕೆ ಮುಂಗಡ ಕೊಟ್ಟೆ. ಅದೇ ಓಣಿಯ ತುದಿಯಲ್ಲಿ ಮೂರು ಎಮ್ಮೆ ಕಟ್ಟಿದ್ದ ಒಬ್ಬ ಹೆಣ್ಣುಮಗಳಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಗಂಡ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಅಕ್ಕ ಎನ್ನುತ್ತಿದ್ದೆ, ಅವಳು ತಮ್ಮ ಎನ್ನುತ್ತಿದ್ದಳು. ಮಧ್ಯಾಹ್ನದ ಊಟ ಮುಗಿದ ಮೇಲೆ ಬಂದು ಮುಸುರೆ ಒಯ್ಯುತ್ತಿದ್ದಳು, ಮುಂಜಾನೆ ಗಡಿಗೆ ತುಂಬ ಮೊಸರು ತಂದಿಡುತ್ತಿದ್ದಳು. ನಡುವೆ ರೊಕ್ಕದ ಮಾತೇ ಇರಲಿಲ್ಲ. ಚಾಕುವಿನಿಂದ ಕೊಯ್ಯುವಂಥ ಮೊಸರು ಅದು. ಎಷ್ಟೋ ಗಿರಾಕಿಗಳು ಎಣಗಾಯಿಗಲ್ಲ, ಆ ಮೊಸರಿಗೆ ಬರುತ್ತಿದ್ದರು. ಒಲೆಯ ಬೂದಿಯನ್ನು ಪಾತ್ರೆ ತಿಕ್ಕಲು ಇಟ್ಟುಕೊಳ್ಳುತ್ತಿದ್ದೆವು, ರದ್ದಿ ಕಾಗದವನ್ನು ಚುರಮುರಿ ಅಂಗಡಿಯವನು ಒಯ್ಯುತ್ತಿದ್ದ. ಬೀದಿಗೆ ಚೆಲ್ಲಲು ನನ್ನ ಹತ್ತಿರ ಏನೂ ಉಳಿಯುತ್ತಿರಲಿಲ್ಲ. ಇದು ನನ್ನ ಸೊಕ್ಕು ಎಂದರೆ ಸೊಕ್ಕು.

2006ರ ಬೇಸಿಗೆಯಲ್ಲಿ ಮುನಸಿಪಾಲ್ಟಿಯಿಂದ ಕಸ ಎತ್ತುವ ದರ ಏರಿಸುವ ಮಾತು ಬಂತು. ಮನೆಗಳಿಗೆ ದುಪ್ಪಟ್ಟು, ಅಂಗಡಿಗಳಿಗೆ ಅದಕ್ಕಿಂತ ಮೇಲೆ, ಹೋಟೆಲು ಖಾನಾವಳಿಗಳಿಗೆ ಎಲ್ಲರಿಗಿಂತ ಹೆಚ್ಚು. ನನಗೆ ಮೈ ಉರಿಯಿತು. ದರ ಗೊತ್ತುಮಾಡಿದವರು ಮುಂದಿನ ಬೋರ್ಡು ನೋಡಿದ್ದರು, ಹಿಂದಿನ ಬಾನಿಯನ್ನು ನೋಡಿರಲಿಲ್ಲ. ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದಾಗ ಪರಿಚಯದ ದಲಾಲರ ಮುಂದೆ ಹೇಳಿಕೊಂಡೆ. ಅವರು ಚೀಲದ ಮೇಲೆ ಕೂತು ನಕ್ಕರು. "ಇಲ್ಲೂ ಬರತೈತಿ ತಗೋರಿ. ನಾಳೆ ಮೆಣಸಿನಕಾಯಿ ಘಾಟಿಗೂ ದರಾ ಹಚ್ಚತಾರ. ಆದ್ರ ಕೆಮ್ಮಿದಾವ ಕೊಡಬೇಕೋ, ಕೆಮ್ಮಿಸಿದಾವ ಕೊಡಬೇಕೋ, ಅದಷ್ಟು ಕೇಳಕೊಂಡು ಬರ್ರಿ," ಎಂದರು. ನನಗೆ ನಗು ಬರಲಿಲ್ಲ.

ನಮ್ಮ ಸಾಲಿನಲ್ಲಿ ಎರಡು ಬಾಗಿಲು ಆಚೆ ಒಬ್ಬ ಬಟ್ಟೆ ವ್ಯಾಪಾರಿ ಇದ್ದಾರೆ. ಪೇಟೆಯವರಿಗೆಲ್ಲ ಮುಂದಾಳು. ದರದ ಬಗ್ಗೆ ಮುನಸಿಪಾಲ್ಟಿಯವರು ಸಭೆ ಕರೆದಾಗ ಅವರೇ ನಾನು ರೊಕ್ಕ ಎಣಿಸುವ ಗಲ್ಲೆಗೆ ಬಂದು, ಎಲ್ಲರ ಪರವಾಗಿ ನಾನು ಮಾತಾಡಬೇಕು, ನನ್ನ ದನಿ ಮೈಕು ಇಲ್ಲದೆ ಮುಟ್ಟುತ್ತದೆ ಎಂದು ಉಬ್ಬಿಸಿದರು. ನಾನು ಉಬ್ಬಿದೆ. ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಸಭೆಯಲ್ಲಿ ಮುನಸಿಪಾಲ್ಟಿ ಸಾಹೇಬರ ಮುಂದೆ ಮೊದಲು ಮನೆಯವರು ಮಾತಾಡಿದರು. ಒಬ್ಬ ಮುದುಕಿ ಎದ್ದು ನಿಂತು, ಗಾಡಿ ವಾರಕ್ಕೊಮ್ಮೆ ಬರುತ್ತದೆ, ಅದರ ಪೀಪಿ ಕೇಳಿ ಬುಟ್ಟಿ ಹಿಡಿದು ಹೊರಗೆ ಬರುವಷ್ಟರಲ್ಲಿ ಓಣಿ ದಾಟಿರುತ್ತದೆ, ನನ್ನ ಮೊಣಕಾಲಿಗೂ ದರ ಹಚ್ಚುತ್ತೀರೇನು ಎಂದು ಕೇಳಿದಳು. ಸಭೆ ನಕ್ಕಿತು. ಆಮೇಲೆ ಬಟ್ಟೆ ವ್ಯಾಪಾರಿ ಎದ್ದರು. ನಾನು ಮಾತಾಡಬೇಕಾಗಿದ್ದ ಜಾಗದಲ್ಲಿ ಅವರೇ ಮಾತಾಡಿದರು, ಅದೂ ಜೇನು ಸವರಿದ ಹಾಗೆ. ತಮ್ಮದು ಒಣ ವ್ಯಾಪಾರ, ಅರಿವೆ ಅಂಗಡಿಯಲ್ಲಿ ಕಸ ಎಲ್ಲಿಂದ ಬರಬೇಕು, ನಾರುವುದು ಹಸಿ ಕಸ, ಅದನ್ನು ಮಾಡುವವರ ಮೇಲೆ ಭಾರ ಹಾಕಿ ಉಳಿದವರನ್ನು ಬಿಡಬೇಕು ಎಂದರು. ನನ್ನ ಕಡೆ ನೋಡದೆ ಕೂತರು. ಅವರ ಅಂಗಡಿಯಿಂದ ದಿನಾ ಹೊರಬೀಳುವ ತೆಳು ಕವರುಗಳು ನಮ್ಮ ಗಟಾರದಲ್ಲಿ ಸಿಕ್ಕಿ ನೀರು ನಿಲ್ಲಿಸಿದ್ದು ಇಡೀ ಸಾಲಿಗೆ ಗೊತ್ತು. 

ನಾನು ಎದ್ದೆ. ಎಲ್ಲರ ಪರವಾಗಿ ಕಲಿತುಕೊಂಡು ಹೋಗಿದ್ದ ಮಾತು ಮರೆತೇ ಹೋಯಿತು.

"ಸಾಹೇಬ್ರ, ನನ್ನ ಖಾನಾವಳ್ಯಾಗ ಕಸಾನ ಇಲ್ಲ," ಎಂದೆ. "ಹೇಳದ ಕೇಳದ ಬಂದು ನೋಡ್ರಿ. ಒಂದು ಹಿಡಿ ಕಸ ತೋರಿಸಿದ್ರ ನೀವು ಹೇಳಿದ ದರಾ ಕೊಡತೇನಿ. ತೋರಿಸಾಕ ಆಗಲಿಲ್ಲಂದ್ರ ನನ್ನ ಹೆಸರು ಹೊಡದ ಹಾಕ್ರಿ."

ಸಾಹೇಬರು ಖರೇ ಬಂದರು. ಅಡುಗೆಮನೆ ನೋಡಿದರು, ಹಿತ್ತಲು ನೋಡಿದರು, ಅಕ್ಕ ಮುಸುರೆ ತುಂಬಿಕೊಳ್ಳುವುದನ್ನು ನಿಂತು ನೋಡಿದರು. ಊಟ ಮಾಡಿ ಹೋಗಿರಿ ಎಂದೆ, ಒಲ್ಲೆ ಎಂದು ನಡೆದರು. ಮುಂದೆ ದರ ಏರಿತು, ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ. ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಗಾಡಿ ನನ್ನ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಿತು. ಪೇಟೆಯಲ್ಲಿ ನನಗೆ ಕಸ ಇಲ್ಲದ ಸಾವ್ಕಾರ ಎಂದು ಹೆಸರು ಬಿತ್ತು. ಚಾಷ್ಟಿ ಮಾಡಿ, ನಗಾಡುತ್ತ ಕರೆಯುತ್ತಿದ್ದರು. ನಾನು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗಿದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಬಾನಿಯಲ್ಲಿ ನನ್ನದಲ್ಲದ ವಸ್ತುಗಳು ಸಿಗತೊಡಗಿದವು. ಗಂಟು ಕಟ್ಟಿದ ಕವರು, ಅದರೊಳಗೆ ಹಳಸಿದ ಅನ್ನ. ಶರ್ಟಿನ ಪೊಟ್ಟಣದ ಪ್ಲಾಸ್ಟಿಕ್ಕು. ಗುಟ್ಕಾ ಚೀಟಿಗಳ ಸರ. ಏರಿದ ದರ ಕೊಡುವುದಿಲ್ಲ ಎಂದು ಹಟ ಹಿಡಿದವರ ಕಸವನ್ನು ಗಾಡಿಯವರು ಎತ್ತುತ್ತಿರಲಿಲ್ಲ. ದರ ಕೊಟ್ಟವರಿಗೆ ಗಾಡಿಗೆ ಕಾಯುವ ಪುರಸೊತ್ತಿರಲಿಲ್ಲ. ನನ್ನ ಬಾನಿಗೆ ದರವಿಲ್ಲ, ಬಾಗಿಲಿಲ್ಲ, ದಿನಾ ಖಾಲಿಯಾಗುತ್ತದೆ. ಮುಂಜಾನೆ ಎದ್ದು ಮೊಣಕೈವರೆಗೆ ಕೈ ಅದ್ದಿ ಒಂದೊಂದೇ ತೆಗೆಯುತ್ತಿದ್ದೆ. ಮೇಲೆ ಹಲಗೆ ಮುಚ್ಚಿದೆ, ಸರಿಸಿದರು. ಹಲಗೆಯ ಮೇಲೆ ಕಲ್ಲು ಹೇರಿದೆ, ಕಲ್ಲನ್ನೂ ಇಳಿಸಿದರು. ಅಂಗಡಿ ಅಂಗಡಿಗೆ ಹೋಗಿ ಹೇಳಿದೆ. ನಾವ್ಯಾಕೆ ಹಾಕೋಣ, ನಾವು ದರ ಕೊಡುತ್ತೇವಲ್ಲ ಎಂದರು. ಒಬ್ಬೊಬ್ಬರೂ ಇದನ್ನೇ ಅಂದರು, ಕೂಡಿ ಕಲಿತು ಬಂದವರ ಹಾಗೆ.

ತೇಲುವುದನ್ನು ತೆಗೆಯಬಹುದು. ಅನ್ನ ತುಂಬಿದ ಕವರು ತಳಕ್ಕೆ ಇಳಿಯುತ್ತದೆ, ಕರಿ ನೀರಿನಲ್ಲಿ ಕಾಣುವುದಿಲ್ಲ. ಗಿರಾಕಿಗಳ ಗದ್ದಲದ ದಿನ ನಾನು ನೋಡುವ ಮೊದಲೇ ಅಕ್ಕ ಬಂದು ತುಂಬಿಕೊಂಡು ಹೋಗಿರುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಅವಳ ದೊಡ್ಡ ಎಮ್ಮೆ ಮೆಲುಕು ಹಾಕುವುದನ್ನು ಬಿಟ್ಟಿತು. ಹೊಟ್ಟೆ ಉಬ್ಬಿತು. ದನದ ಡಾಕ್ಟರು ಬಂದು ಔಷಧಿ ಹಾಕಿದರು, ಬೇರೆ ಕಡೆ ಒಯ್ದು ಕೊಯ್ಯಿಸುವಷ್ಟು ಹೊತ್ತು ಉಳಿದಿಲ್ಲ ಎಂದರು. ಸಂಜೆಯೊಳಗೆ ಅದು ಸತ್ತಿತು. ಯಾವುದರಿಂದ ಸತ್ತಿತು ಎಂದು ಅಕ್ಕನ ಗಂಡ ಕೇಳಿದ್ದಕ್ಕೆ ಹೊಟ್ಟೆ ಸೀಳಿ ತೋರಿಸಿದರು. ನಾನು ಅಲ್ಲೇ ನಿಂತಿದ್ದೆ. ರೊಟ್ಟಿ ಹಿಟ್ಟಿನ ಮುದ್ದೆ ನಾದಿದ ಹಾಗೆ ಪ್ಲಾಸ್ಟಿಕ್ಕು ಒಂದಕ್ಕೊಂದು ಹೆಣೆದು ಗಟ್ಟಿಯಾಗಿತ್ತು. ಇದು ಒಂದು ದಿನದ್ದಲ್ಲ, ಬಹಳ ದಿನದ್ದು, ಬೀದಿ ಮೇಯುವಾಗ ತಿಂದದ್ದೂ ಇದರಲ್ಲಿ ಇರುತ್ತದೆ ಎಂದು ಡಾಕ್ಟರು ಹೇಳಿದರು.

ನಾನು ಆ ಮಾತಿಗೆ ಜೋತುಬಿದ್ದೆ. "ಕೇಳಿದೇನಕ್ಕಾ, ಬರೇ ನನ್ನ ಬಾನಿದಲ್ಲ ಅಂತ," ಎಂದೆ.

ಅಕ್ಕ ಅಳುತ್ತಿರಲಿಲ್ಲ. ಎಮ್ಮೆಯ ಕೊರಳ ಹಗ್ಗ ಬಿಚ್ಚಿ ಸುತ್ತಿಕೊಳ್ಳುತ್ತಿದ್ದಳು. "ಬಾನಿ ಯಾರದೋ ತಮ್ಮಾ?" ಎಂದಳು.

 ಎಮ್ಮೆಯ ಬೆಲೆ ಕೊಡುತ್ತೇನೆ ಎಂದೆ. ಬೇಡ ಎಂದಳು. ಮುಸುರೆಗೆ ನಾಳೆಯಿಂದ ಬರುವುದಿಲ್ಲ ಎಂದಳು.

ಆ ಮುದ್ದೆಯನ್ನು ನಾನು ಬಕೀಟಿನಲ್ಲಿ ಮನೆಗೆ ತಂದೆ. ಬಿಸಿನೀರು ಹಾಕಿ ಬಿಡಿಸಿದೆ, ತೊಳೆದೆ, ಹಿತ್ತಲ ಹಗ್ಗಕ್ಕೆ ಹಾಕಿದೆ. ನನ್ನ ಹೆಂಡತಿ ಹುಚ್ಚು ಹಿಡಿದಿದೆ ಎಂದಳು. ಅಂಗಡಿಯ ಹೆಸರು ಓದಲು ಬರುವಂಥ ಕವರುಗಳನ್ನು ಬೇರೆ ಮಾಡಿದೆ. ಆರನೇ ಇಯತ್ತೆಯ ಓದು ಅಷ್ಟಕ್ಕೆ ಸಾಕಾಯಿತು. ಒಣಗಿದ ಮೇಲೆ ಒಂದೊಂದು ಅಂಗಡಿಗೂ ಹೋಗಿ ಅವರವರದನ್ನು ಅವರವರ ಮುಂದೆ ಇಟ್ಟೆ. ಬಟ್ಟೆ ಅಂಗಡಿಯಲ್ಲಿ ಮದುವೆ ಸೀರೆ ಬಿಚ್ಚಿ ಹರಡಿದ್ದರು. ಆ ಬಿಳಿ ಗಾದಿಯ ಮೇಲೆಯೇ ಇಟ್ಟೆ.

"ನಿಮ್ಮದ ಐತಿ, ತಗೋರಿ. ಎಮ್ಮಿ ಹೊಟ್ಟ್ಯಾಗ ಇತ್ತು."

ಗಿರಾಕಿಗಳು ಸರಿದು ಕೂತರು. ವ್ಯಾಪಾರಿ ಸಿಟ್ಟಾಗಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಇಂಥ ಕವರು ಊರ ತುಂಬ ಕೊಟ್ಟಿದ್ದೇವೆ, ಯಾರು ಎಲ್ಲಿ ಒಗೆದರೋ ಎಂದರು. ಆಮೇಲೆ ತಣ್ಣಗೆ ಹೇಳಿದರು: "ಅಲ್ರೀ ಸಾವ್ಕಾರ್ರ, ನನ್ನಲ್ಲಿ ಕಸಾನ ಇಲ್ಲ ಅಂತ ಸಭಾದಾಗ ನೀವ ಹೇಳಿದ್ರಿ. ಹಂಗಾದ್ರ ಬಾನಿ ಖಾಲಿ ಐತಿ ಅಂತ ಮಂದಿ ತಿಳಕೊಂಡ್ರು."

ಅವರ ಕೆನ್ನೆಗೆ ಬಾರಿಸದೆ ಮನೆಗೆ ಬಂದೆನಲ್ಲ, ಅದು ಇವತ್ತಿಗೂ ನನಗೆ ಆಶ್ಚರ್ಯ. ಬೇಗ ಮರೆಯುವ ಮನುಷ್ಯ ನಾನಲ್ಲ. 

ಅಕ್ಕ ಬರುವುದು ನಿಂತ ಮೇಲೆ ಬಾನಿ ತುಂಬಿ ನಾರಿತು. ಗಾಡಿಯವರು ನನ್ನ ಹೆಸರಿನ ಮೇಲೆ ಗೆರೆ ಇದೆ ಎಂದು ಮುಟ್ಟಲಿಲ್ಲ. ಮೊಸರಿಗೆ ಡೈರಿಯ ಪಾಕೀಟು ತರಿಸಿದೆ. ಗಿರಾಕಿಗಳು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು. ಖಾಲಿ ಪಾಕೀಟುಗಳು ಮೂಲೆಯಲ್ಲಿ ಗುಡ್ಡೆಯಾದವು. ಖಾನಾವಳಿ ತೆರೆದಾಗಿನಿಂದ ಇಲ್ಲದ ಕಸ ಈಗ ಬಂತು, ಅದೂ ನನ್ನದೇ.

ದರ ಹಚ್ಚಿರಿ ಎಂದು ಕೇಳಲು ನಾನೇ ಆಫೀಸಿಗೆ ಹೋದೆ. ಅಲ್ಲಿದ್ದ ಗುಮಾಸ್ತ ನನ್ನನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. "ದರಾ ಬ್ಯಾಡ ಅನ್ನೋ ಅರ್ಜಿ ಚೀಲಗಟ್ಟಲೆ ಬಂದಾವ್ರಿ," ಎಂದ. "ದರಾ ಹಚ್ಚರಿ ಅನ್ನೋದು ಹೆಂಗ ಬರೀತಾರ ಅನ್ನೋದು ನನಗೂ ಗೊತ್ತಿಲ್ಲ. ನೀವ ಬರದು ಕೊಡ್ರಿ." ಬಿಳಿ ಹಾಳೆ ಕೊಟ್ಟ. ನನ್ನಲ್ಲಿ ಕಸ ಇಲ್ಲ ಎಂದು ಅಂದು ಹೇಳಿದ್ದು ಖರೇ ಇತ್ತು, ಈಗ ಇದೆ, ದರ ಹಾಕಬೇಕು ಎಂದು ಬರೆದೆ. ಇಡೀ ಊರಿನಲ್ಲಿ ಬೇಡಿಕೊಂಡು ದರ ಹಚ್ಚಿಸಿಕೊಂಡವನು ನಾನೊಬ್ಬನೇ ಇರಬೇಕು. ಬಾಗಿಲಿಗೆ ಕಸದ ಗಾಡಿ ಬಂತು. ಮುಸುರೆಯನ್ನೂ ಅದರಲ್ಲೇ ಸುರಿದೆವು. ಕಾಗಿನೆಲೆ ಕಡೆಯಿಂದ ಬರುತ್ತಿದ್ದ ಒಂದು ಮಧ್ಯಾಹ್ನ, ಊರ ಹೊರಗೆ ಆ ಗಾಡಿ ಕಸ ಸುರಿಯುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ನನ್ನ ಖಾನಾವಳಿಯ ಜೋಳದ ರೊಟ್ಟಿ ಚೂರುಗಳು ಹಳೆ ಚಪ್ಪಲಿಗಳ ಮೇಲೆ ಬಿದ್ದವು. ಪಕ್ಕದವನು ಮೂಗು ಮುಚ್ಚಿಕೊಂಡ. ನಾನು ಮುಚ್ಚಿಕೊಳ್ಳಲಿಲ್ಲ.

ಮರುದಿನ ಊಟದ ಹೊತ್ತು ಮುಗಿದ ಮೇಲೆ ಮುಸುರೆಯನ್ನು ಎರಡು ಕೊಡಕ್ಕೆ ತುಂಬಿ, ಸೈಕಲ್ಲಿಗೆ ಕಟ್ಟಿ, ಓಣಿಯ ತುದಿಗೆ ತಳ್ಳಿಕೊಂಡು ಹೋದೆ. ಎರಡೂ ಕಡೆಯ ಮನೆಯವರು ನೋಡುತ್ತಿದ್ದರು, ನೋಡಲಿ ಎಂದೆ. ಅಕ್ಕ ಬಾಗಿಲಲ್ಲಿ ಬಂದು ನಿಂತಳು, ಬಾ ಎನ್ನಲಿಲ್ಲ. ನಾನು ಅವಳ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ತೋಳು ಮಡಚಿ, ಕೊಡದಿಂದ ಅವಳ ಬುಟ್ಟಿಗೆ ಹಿಡಿ ಹಿಡಿಯಾಗಿ ತೆಗೆದು ಹಾಕಿದೆ. ಪ್ರತಿ ಹಿಡಿಯನ್ನೂ ಬೆರಳಲ್ಲಿ ಬಿಡಿಸಿ ತೋರಿಸಿ ಹಾಕಿದೆ. ಒಂದು ನಿಂಬೆ ಸಿಪ್ಪೆ ಬಿಟ್ಟರೆ ಏನೂ ಸಿಗಲಿಲ್ಲ. ಅದನ್ನೂ ಜೇಬಿಗೆ ಹಾಕಿಕೊಂಡೆ.

"ನಾಳಿನೂ ಹಿಂಗ ಮಾಡಿ ತೋರಸ್ತೀಯೇನು?" ಎಂದಳು.

"ತೋರಸ್ತೇನಿ."

"ಮೊಸರಿಗೆ ರೊಕ್ಕ ತಗೋತೇನಿ ಇನ್ನ."

"ತಗೋ," ಎಂದೆ.  ಅಂದಿನಿಂದ ದಿನಾ ಹೋಗುತ್ತೇನೆ. ಕೆಲಸದವರನ್ನು ಕಳಿಸಿದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ.

ಈಗ ನನ್ನಲ್ಲಿ ಇರುವುದು ಇಷ್ಟು. ಆರು ಮೇಜು. ರೊಟ್ಟಿ ಬಡಿಯುವ ಮೂವರು ಹೆಣ್ಣುಮಕ್ಕಳು. ಒಂದು ಕಲ್ಲಿನ ಬಾನಿ, ಅದರ ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೊಂದು ಬೀಗ. ಒಂದು ಸೈಕಲ್ಲು, ಎರಡು ಕೊಡ. ತಿಂಗಳಿಗೊಮ್ಮೆ ಬರುವ ಕಸದ ದರದ ಪಾವತಿ ಚೀಟಿ. ಮುಂಜಾನೆ ಒಂದು ಗಡಿಗೆ ಮೊಸರು, ರೊಕ್ಕ ಕೊಟ್ಟದ್ದು. ಓಣಿಯ ತುದಿಯಲ್ಲಿ ಎರಡು ಎಮ್ಮೆ, ಅವು ನನ್ನವಲ್ಲ. ಮೊದಲು ಮೂರಿದ್ದವು.