ಟೆಂಟಿನಲ್ಲಿ ಕಂಡ ಸಿಪಾಯಿ

ಮದುವೆಯಾದ ಹೊಸತರಲ್ಲಿ ನಾನು ಗಂಡನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದವಳು. ಹಳ್ಳಿಯಿಂದ ಬಂಗಾರಪೇಟೆ ಸಂತೆಗೆ ಹೋಗುವಾಗ ಅವರು ಮುಂದೆ, ನಾನು ಹಿಂದೆ. ಜೊತೆಯಲ್ಲಿ ನಡೆದರೆ ಊರು ನಗುತ್ತಿತ್ತು. ಹೀಗಾಗಿ ಅವರ ನಡಿಗೆ ನನಗೆ ಬಾಯಿಪಾಠವಾಗಿತ್ತು. ಎಡಗಾಲನ್ನು ಚೂರು ಹೊರಕ್ಕೆ ಎಸೆದು, ಒಣಗಿದ ದಾರಿಯಲ್ಲೂ ಕೆಸರು ದಾಟುವವರ ಹಾಗೆ ನಡೆಯುತ್ತಿದ್ದರು. ವರ್ಷ ತುಂಬುವ ಮೊದಲೇ ಮಿಲಿಟರಿಗೆ ಸೇರಿ ಯುದ್ಧಕ್ಕೆ ಹೋದರು. ಹಡಗು ಹತ್ತಿದರು ಎನ್ನುವವರೆಗೆ ಸುದ್ದಿ ಬಂತು, ಆಮೇಲೆ ಏನೂ ಬರಲಿಲ್ಲ.

ಮನೆಯಲ್ಲಿ ನಾನು, ಅತ್ತೆ, ತೀರಿಹೋದ ಮಾವನ ಅಣ್ಣನ ಸಂಸಾರ. ಆ ಅಣ್ಣನೇ ಯಜಮಾನರು, ನಾನು ದೊಡ್ಡಮಾವ ಎನ್ನುತ್ತಿದ್ದೆ. ಕೆಟ್ಟವರಲ್ಲ. ಆದರೆ ಅವರ ಮಗಳಿಗೆ ಗಡಿಯಾಚೆಯ ತೆಲುಗು ಸೀಮೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಒಂದೇ ಮಾತು ಹಿಡಿದು ಕೂತರು. ಯುದ್ಧಕ್ಕೆ ಹೋದ ಈ ಮನೆಯ ಮಗ ಇದ್ದಾನೋ ಇಲ್ಲವೋ ತೀರ್ಮಾನವಾಗಲಿ, ಇಲ್ಲವೆಂದಾದರೆ ಕರ್ಮ ಮುಗಿಯಲಿ, ಸೂತಕದ ಅನುಮಾನ ಇರುವ ಅಂಗಳದಲ್ಲಿ ಚಪ್ಪರ ಏಳಬಾರದು ಎಂದು. ದೊಡ್ಡಮಾವ ಪುರೋಹಿತರನ್ನು ಕೇಳಿದರು. ಹೆಣ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ಸುಡಬಹುದು ಎಂಬ ಉತ್ತರ ಬಂತು. ಬೊಂಬೆ ಸುಟ್ಟ ದಿನವೇ ನನ್ನ ಬಳೆ ಒಡೆಯಬೇಕು, ತಾಳಿ ತೆಗೆಯಬೇಕು.

"ನಾನು ತೆಗಿಯಲ್ಲ, ದೊಡ್ಡಮಾವ," ಎಂದೆ.

"ನಿನ್ನ ಕೇಳ್ತಾ ಇಲ್ಲಮ್ಮ. ಏಳ್ತಾ ಇದೀನಿ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಹುಲ್ಲಿನ ಬೊಂಬೆಗೆ ನಾನು ವಿಧವೆಯಾಗಬೇಕೇ? ಬಲವಂತ ಮಾಡಿದರೆ ತವರಿಗೆ ಹೋಗುತ್ತೇನೆ, ಅಲ್ಲೂ ಜಾಗವಿಲ್ಲದಿದ್ದರೆ ಉರಿಗಾಂನ ಚಿನ್ನದ ಗಣಿಯಲ್ಲಿ ಕಲ್ಲು ಹೊರುತ್ತೇನೆ, ಬಳೆಗೆ ಮಾತ್ರ ಯಾರ ಕೈಯೂ ತಾಗಕೂಡದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಅತ್ತೆ ಅಂದು ಹಸುವಿನ ಹತ್ತಿರ ಹೋಗಿ ಕೂತರು.

ಆ ಬೇಸಿಗೆಯಲ್ಲಿ ಬಂಗಾರಪೇಟೆಗೆ ಸಿನಿಮಾ ಟೆಂಟು ಬಂತು. ದೇವರ ಚಿತ್ರ ಎಂದು ಯಾರೋ ಹೇಳಿದ್ದರಿಂದ ದೊಡ್ಡಮಾವನೇ ಗಾಡಿ ಕಟ್ಟಿಸಿದರು. ಚಿತ್ರ ರಾಜರ ಕಾಲದ್ದು. ರಾಜ ಯುದ್ಧಕ್ಕೆ ಹೋಗುತ್ತಾನೆ, ಸತ್ತನೆಂದು ಮಂತ್ರಿ ಸುಳ್ಳು ಸುದ್ದಿ ತರುತ್ತಾನೆ, ರಾಣಿ ಕುಂಕುಮ ಅಳಿಸಲು ಒಪ್ಪದೆ ದೇವಿಯ ಗುಡಿಯಲ್ಲಿ ನಿಂತು ಹಾಡುತ್ತಾಳೆ. ಆ ಮಂತ್ರಿ ರಾಜನ ತಂದೆಗೇ ಹುಟ್ಟಿದವನು ಎಂಬ ಮನೆತನದ ಗುಟ್ಟು ಕೊನೆಗೆ ಹೊರಬೀಳುತ್ತದೆ. ರಾಣಿ ಸೇರುಗಟ್ಟಲೆ ಒಡವೆ ಹೇರಿಕೊಂಡು ಹೇಗೆ ಅಳುತ್ತಾಳೋ ಎಂದು ನನಗೆ ನಗುವೂ ಬಂತು, ಹೊಟ್ಟೆಕಿಚ್ಚೂ ಆಯಿತು. ಅವಳಿಗೆ ದೊಡ್ಡಮಾವ ಇರಲಿಲ್ಲವಲ್ಲ. ಟೆಂಟಿನಲ್ಲಿದ್ದದ್ದು ಒಂದೇ ಮಿಷನ್ನು, ರೀಲು ಮುಗಿದಾಗಲೆಲ್ಲ ಚಿತ್ರ ನಿಲ್ಲುತ್ತಿತ್ತು. ರಾಣಿಯ ಹಾಡು ಅರ್ಧಕ್ಕೆ ನಿಂತಾಗ ಹೆಂಗಸರೆಲ್ಲ ಅದೂ ಮಂತ್ರಿಯದೇ ಕೆಲಸವೆಂದು ಅವನಿಗೆ ಶಾಪ ಹಾಕಿದರು.

ಆದರೆ ನಮ್ಮ ಮನೆಯ ಕಥೆ ತಿರುಗಿದ್ದು ರಾಣಿಯಿಂದಲ್ಲ. ಚಿತ್ರಕ್ಕೆ ಮೊದಲು ಯುದ್ಧದ ಸುದ್ದಿಯ ತುಣುಕೊಂದನ್ನು ತೋರಿಸಿದ್ದರು. ಯಾವುದೋ ದೇಶದ ಧೂಳಿನ ರಸ್ತೆಯಲ್ಲಿ ನಮ್ಮ ಸಿಪಾಯಿಗಳು ಸಾಲುಸಾಲಾಗಿ ನಡೆಯುತ್ತಿದ್ದರು. ಒಬ್ಬ ತಿರುಗಿ ನೋಡಿ ಮುಂದೆ ಹೋದ. ಅತ್ತೆ ನನ್ನ ತೋಳು ಹಿಡಿದು ಎದ್ದು ನಿಂತರು. ಹೆಂಗಸರಿಗೆಂದು ಅಡ್ಡ ಕಟ್ಟಿದ ಪರದೆಯಾಚೆ ಕೂತ ಗಂಡಸರಿಗೂ ಕೇಳುವ ಹಾಗೆ, "ಅಗೋ, ನನ್ನ ಮಗ," ಎಂದರು.

ನಾನು ಆ ಸಿಪಾಯಿಯ ಬೆನ್ನು ನೋಡಿದೆ. ಎರಡು ಕಾಲೂ ನೆಟ್ಟಗೆ ಬೀಳುತ್ತಿದ್ದವು. ಅವರಲ್ಲ ಎಂದು ಆ ಕ್ಷಣವೇ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ.

ಮರುದಿನ ದೊಡ್ಡಮಾವ ಊರಿನ ಗಂಡಸರನ್ನು ಕಟ್ಟಿಕೊಂಡು ಹೋಗಿ ಅದೇ ತುಣುಕನ್ನು ನೋಡಿ ಬಂದರು. ಅರ್ಧ ಜನ ಅವನೇ ಎಂದರು, ಅರ್ಧ ಜನ ಟೋಪಿ ಹಾಕಿದರೆ ಎಲ್ಲ ಸಿಪಾಯಿಗಳೂ ಒಂದೇ ಎಂದರು. ಮಾತು ಬೆಳೆದು ಊರ ಗಂಗಮ್ಮನ ಗುಡಿಯ ಮುಂದೆ ಬಂದು ನಿಂತಿತು. ನಮ್ಮ ಕಡೆ ತೀರದ ವ್ಯಾಜ್ಯಕ್ಕೆ ಕರ್ಪೂರದ ಆಣೆಯೇ ಕೊನೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಹೇಳಿದ ಮಾತನ್ನು ಆಮೇಲೆ ಯಾರೂ ಪ್ರಶ್ನಿಸುವಂತಿಲ್ಲ. ಆಣೆ ಸುಳ್ಳಾದರೆ ಗಂಗಮ್ಮ ಆಣೆ ಇಟ್ಟವರ ಮಕ್ಕಳನ್ನೇ ಬಲಿ ಕೇಳುತ್ತಾಳೆ ಎಂಬುದು ನಂಬಿಕೆ. ಅತ್ತೆಗೆ ಇದ್ದವನು ಒಬ್ಬನೇ ಮಗ.

"ಅವ್ನೇ ಅಂತ ಆಣೆ ಇಡ್ತೀಯೇನಮ್ಮ?" ಎಂದರು ದೊಡ್ಡಮಾವ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಗಂಗಮ್ಮನನ್ನು ನೇರವಾಗಿ ನೋಡಿದರು. "ನನ್ನ ಮಗ ಅವ್ನೆ. ನಾನು ನನ್ನ ಕಣ್ಣಾರೆ ಕಂಡೆ," ಎಂದು ಅಂಗೈಯನ್ನು ಉರಿಯ ಮೇಲೆ ಒತ್ತಿದರು. ಸುಟ್ಟ ಕೈಗೆ ನಾನು ಬೆಣ್ಣೆ ಹಚ್ಚಿದೆ. ತೆಲುಗು ಸೀಮೆಯವರಿಗೆ ಸಮಾಧಾನವಾಯಿತು. ಆ ಮದುವೆಯಲ್ಲಿ ಆರತಿ ತಟ್ಟೆ ಹಿಡಿದವಳು ನಾನೇ, ಕೈ ತುಂಬ ಬಳೆ ತೊಟ್ಟು.

ಮದುವೆ ಮುಗಿದ ಮೇಲೆ ಒಂದು ಬೆಳಿಗ್ಗೆ ಮೊಸರು ಮಾರಲು ನಾವಿಬ್ಬರೂ ಮಾರಿಕುಪ್ಪಂ ರೈಲು ಹತ್ತಿದ್ದೆವು. ಡಬ್ಬಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅವ್ನಲ್ಲ ಕಣೆ," ಎಂದರು ಅತ್ತೆ.

"ನನಗೂ ಗೊತ್ತು ಅತ್ತೆ. ಯಾಕೆ ಆಣೆ ಇಟ್ರಿ?"

ಆಗ ಅವರ ತವರಿನಲ್ಲಿ ಯಾರೂ ಬಾಯಿ ಬಿಡದ ಸಂಗತಿಯನ್ನು ಹೇಳಿದರು. ಅತ್ತೆಗೊಬ್ಬಳು ಅಕ್ಕ ಇದ್ದಳಂತೆ. ಅಕ್ಕನ ಗಂಡ ಹಿಂದಿನ ಯುದ್ಧಕ್ಕೆ ಹೋದವನು ಬರಲಿಲ್ಲವೆಂದು ಬೊಂಬೆ ಸುಟ್ಟರು, ಬಳೆ ಒಡೆದರು. ಆಮೇಲೆ ಅವನು ಬಂದೇಬಿಟ್ಟ. ಕರ್ಮ ಮಾಡಿಸಿಕೊಂಡವನು ಹೊಸಿಲು ದಾಟುವಂತಿಲ್ಲ ಎಂದು ಹಿರಿಯರು ಬಾಗಿಲು ಮುಚ್ಚಿದರು. ಅವನು ಚಾಂಪಿಯನ್ ರೀಫ್ಸ್‌ನ ಗಣಿಗೆ ಇಳಿದು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ. ಅಕ್ಕ ವಿಧವೆಯಾಗಿಯೇ ಸತ್ತಳು, ಗಂಡ ಬದುಕಿರುವಾಗಲೇ.

"ಅವ್ಳ ಬಳೆ ಒಡೆಯೋವಾಗ ಕೈ ಇಡ್ಕೊಂಡಿದ್ದೋಳು ನಾನೇ. ಇನ್ನೊಬ್ಳ ಕೈ ಇಡ್ಕೊಳಲ್ಲ," ಎಂದರು. ಮೊಸರಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಗಂಗಮ್ಮ ಏನ್ ಕೇಳ್ತಾಳೋ ನೋಡ್ಬೇಕು," ಎಂದರು.

ಆ ದಿನದಿಂದ ಅತ್ತೆ ಗಂಗಮ್ಮನ ಗುಡಿಯ ಒಳಗೆ ಕಾಲಿಡಲಿಲ್ಲ. ಹಬ್ಬದಲ್ಲೂ ಬೇವಿನ ಮರದ ಹತ್ತಿರವೇ ನಿಂತು ಬರುತ್ತಿದ್ದರು. ಮುಟ್ಟಾಗಿರಬೇಕೆಂದು ಕೆಲವರು, ಜಂಬವೆಂದು ಕೆಲವರು ಆಡಿಕೊಂಡರು. ನನಗೆ ಮಾತ್ರ ಅವರು ದಿನದಿನಕ್ಕೆ ಸೊರಗುವುದು ಕಾಣುತ್ತಿತ್ತು. ಸುಳ್ಳು ಹೇಳಿ ನನಗೆ ಬದುಕು ಕೊಟ್ಟವರಿಗೆ ನಾನು ಕೊಡಬಹುದಾಗಿದ್ದು ದುಡಿಮೆಯೊಂದೇ. ಮೊಸರಿನ ಬುಟ್ಟಿ ನಾನು ಹೊತ್ತೆ. ಮಾರಿಕುಪ್ಪಂನಲ್ಲಿ ತಮಿಳು ಕಲಿತೆ, ಉರಿಗಾಂನ ಮನೆಮನೆಗೂ ಕಾಲಿಟ್ಟೆ. ಮಿಲಿಟರಿಯಿಂದ ಬಂದವರು ಯಾರೇ ಸಿಗಲಿ, ನಿಲ್ಲಿಸಿ ಗಂಡನ ಊರು ಹೇಳಿ ವಿಚಾರಿಸುತ್ತಿದ್ದೆ. ನಾಚಿಕೆ ಬಿಟ್ಟವಳು ಎಂಬ ಹೆಸರು ಬಂತು. ಬರಲಿ ಎಂದುಕೊಂಡೆ.

ಯುದ್ಧ ಮುಗಿದು ಬಹಳ ದಿನಗಳಾದ ಮೇಲೆ, ಹಾಗೆ ವಿಚಾರಿಸಿದ್ದರ ಫಲವಾಗಿ, ಮಾರಿಕುಪ್ಪಂನ ಸಿಪಾಯಿಯೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ಮೂಳೆ ಎಣಿಸುವಷ್ಟು ಬಡಕಲಾಗಿದ್ದ. ಜಗಲಿಯ ಮೇಲೆ ದೊಡ್ಡಮಾವನ ಎದುರಿಗೆ ಕೂತು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿದ. ಅವನೂ ನನ್ನ ಗಂಡನೂ ಜಪಾನಿನವರ ಕೈಗೆ ಸಿಕ್ಕಿ ಸೆರೆಯಲ್ಲಿದ್ದರಂತೆ. ನನ್ನ ಗಂಡ ಅಲ್ಲೇ ಜ್ವರ ಬಂದು ತೀರಿಹೋದರಂತೆ.

ಅತ್ತೆ ಬಾಗಿಲ ಹಿಂದೆ ನಿಂತಿದ್ದರು. ಅವರು ಅಳಲಿಲ್ಲ. ತಮ್ಮ ಅಂಗೈಯನ್ನು ನೋಡಿಕೊಂಡರು.

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು. ಅದಕ್ಕೆ ಮುಂಚೆ ಒಂದು ಮಾತು ಕೇಳಲೇಬೇಕಿತ್ತು.

"ಯಾವಾಗ ತೀರ್ಕೊಂಡ್ರು?" ಎಂದೆ.

ದೊಡ್ಡಮಾವ ನನ್ನನ್ನು ಗದರಿಸುವ ಹಾಗೆ ನೋಡಿದರು. ಬಂದವನು ಯೋಚಿಸಿದ. ಸೆರೆ ಸಿಕ್ಕ ವರ್ಷವೇ, ದೀಪಾವಳಿ ಇನ್ನೂ ಬಂದಿರಲಿಲ್ಲ ಎಂದ.

ಟೆಂಟು ಬಂದದ್ದು ಆ ದೀಪಾವಳಿ ಕಳೆದ ಮೇಲಿನ ಬೇಸಿಗೆಯಲ್ಲಿ. ಈಗ ಬಾಯಿ ಬಿಟ್ಟರೆ ಆಣೆ ಸುಳ್ಳೆಂದು ದೊಡ್ಡಮಾವನಿಗೆ ತಿಳಿಯುತ್ತದೆ, ಊರಿಗೂ ತಿಳಿಯುತ್ತದೆ. ತಿಳಿಯಲಿ. ನಾನು ಒಳಗೆ ಹೋಗಿ ಅತ್ತೆಯ ಎರಡು ಭುಜಗಳನ್ನೂ ಹಿಡಿದೆ.

"ಅತ್ತೆ, ಕೇಳಿಸ್ತಾ? ಟೆಂಟು ಬರೋಕೆ ಮುಂಚೇನೆ ಓಗ್ಬಿಟ್ಟಿದ್ರು. ನೀವು ಕರ್ಪೂರ ಆರಿಸಿದ್ದು ಆಮೇಲೆ. ನಿಮ್ಮ ಆಣೆ ಅವ್ರನ್ನ ಮುಟ್ಟಿಲ್ಲ."

ಅರ್ಥವಾಗದವರ ಹಾಗೆ ನನ್ನ ಮುಖ ನೋಡುತ್ತಿದ್ದರು. ಇನ್ನೊಮ್ಮೆ ಹೇಳಿದೆ, ಜಗಲಿಗೆಲ್ಲ ಕೇಳುವ ಹಾಗೆ. ದೊಡ್ಡಮಾವ ಟವಲಿನಿಂದ ಮುಖ ಮುಚ್ಚಿಕೊಂಡರು.

ಅತ್ತೆ ನನ್ನ ಕೈ ಬಿಡಿಸಿಕೊಂಡು ಹೊರಗೆ ಬಂದರು. ಪರ ಗಂಡಸಿನ ಎದುರಿಗೆ ಎಂದೂ ನಿಲ್ಲದವರು ಅವನ ಮುಂದೆಯೇ ನೆಲದ ಮೇಲೆ ಕೂತರು.

"ಜ್ವರದಾಗೆ ನೀರು ಕೇಳಿದ್ನಾ ನನ್ನ ಮಗ?"

"ಕೇಳಿದ್ರಮ್ಮಾ. ನಾನೇ ಕೊಟ್ಟೆ."

ಅಷ್ಟು ಕೇಳಿದ ಮೇಲೆ ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. ಹೆದರಿಕೆ ಬಿಟ್ಟು ಮಗನಿಗಾಗಿಯೇ ಅತ್ತದ್ದು ಅದೇ ಮೊದಲು.