ಸೋಮವಾರದ ಉಬ್ಬಸ

ನಮ್ಮಪ್ಪನನ್ನು ಕೊಂದದ್ದು ಹರಿಹರದ ಹೊಳೆಗಾಳಿ ಎಂದು ನಮ್ಮ ನೆಂಟರು ಇವತ್ತಿಗೂ ಹೇಳುತ್ತಾರೆ. ಹರಿಹರ ಎಂದರೆ ನನ್ನ ಗಂಡನ ಮನೆ. ಅಂದರೆ ಕೊಂದವಳು ನಾನು ಎಂದ ಹಾಗಾಯಿತು. ಹಾಗಂತ ಮುಖಕ್ಕೆ ಹೇಳುವ ಧೈರ್ಯ ಒಬ್ಬರಿಗೂ ಇಲ್ಲ. ಮದುವೆಮನೆಗಳಲ್ಲಿ ನನ್ನ ಪಕ್ಕದ ಎಲೆಗೆ ಕೂತು, ಹೋಳಿಗೆ ಮುರಿಯುತ್ತಾ, "ಪಾಪ, ಹೊಳಿಗಾಳಿ ಆಗಿಬರಲಿಲ್ಲ" ಎಂದು ಉದ್ದಕ್ಕೆ ಉಸಿರು ಬಿಡುತ್ತಾರೆ. ಅಷ್ಟು ಉದ್ದದ ಉಸಿರು ಅಪ್ಪನಿಗೆ ಕೊನೆಯ ಹತ್ತು ವರ್ಷ ಸಿಕ್ಕಿರಲಿಲ್ಲ.

ಅಪ್ಪ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನಲ್ಲಿ ಹತ್ತಿ ಹಿಂಜುವ ಕಡೆ ಕೆಲಸಕ್ಕಿದ್ದ. ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಆನೆಕೊಂಡದ ಹತ್ತಿರ ನಮ್ಮದೊಂದು ಚಿಕ್ಕ ಮನೆ. ಮಿಲ್ಲಿನ ಕೂಗಿಗೆ ನಮ್ಮ ಕೇರಿಯೆಲ್ಲ ಎದ್ದು, ಅದರ ಕೂಗಿಗೇ ಒಲೆ ಹಚ್ಚುತ್ತಿತ್ತು. ಸಂಜೆ ಅಪ್ಪ ಬರುವಾಗ ಅವನ ಹುಬ್ಬು, ಮೀಸೆ, ಕಿವಿಯ ಕೂದಲೆಲ್ಲ ಬೆಳ್ಳಗಿರುತ್ತಿದ್ದವು. ಅವ್ವ ಅವನನ್ನು ಹೊಸ್ತಿಲಾಚೆಗೇ ನಿಲ್ಲಿಸಿ ಟವೆಲ್ಲಿನಿಂದ ಝಾಡಿಸುತ್ತಿದ್ದಳು. "ಲಕ್ಷ್ಮಿ ಮೈಮ್ಯಾಲೆ ಬಂದಾಳೆ ನೋಡ್ರಿ" ಎಂದು ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದ, ನಗುತ್ತಲೇ ಕೆಮ್ಮುತ್ತಿದ್ದ.

ಕೆಮ್ಮು ಉಬ್ಬಸಕ್ಕೆ ತಿರುಗಿದಾಗ ಅದಕ್ಕೊಂದು ವಿಚಿತ್ರ ರೂಢಿ ಇತ್ತು. ಭಾನುವಾರ ಮಿಲ್ಲಿಗೆ ರಜೆ. ಆ ದಿನ ಅಪ್ಪ ಆರಾಮಾಗಿರುತ್ತಿದ್ದ. ಸಂತೆಗೆ ಹೋಗಿ ಜೋಳದ ಚೀಲವನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದ. ಸೋಮವಾರ ಮಿಲ್ಲಿಗೆ ಹೋಗಿ ಬಂದನೆಂದರೆ ಮುಗಿಯಿತು, ಎದೆಗೆ ಹಗ್ಗ ಬಿಗಿದ ಹಾಗೆ ಮೊಣಕಾಲಿನ ಮೇಲೆ ಕೈಯೂರಿ ಕೂತುಬಿಡುತ್ತಿದ್ದ. ಬುಧವಾರ, ಗುರುವಾರದ ಹೊತ್ತಿಗೆ ಸ್ವಲ್ಪ ಸಡಿಲಾಗುತ್ತಿತ್ತು. ಮತ್ತೆ ಭಾನುವಾರ ಆರಾಮ, ಸೋಮವಾರ ಹಗ್ಗ.

ಇದನ್ನು ಎಲ್ಲರೂ ಕಂಡರು. ಕಂಡು ಏನು ತಿಳಿದುಕೊಂಡರು ಎಂಬುದೇ ನನ್ನ ಸಂಕಟ.

ನಮ್ಮ ದೊಡ್ಡಪ್ಪ ತೀರ್ಪು ಕೊಟ್ಟ. "ಸೋಮವಾರ ಶಿವನ ವಾರ. ಭಾನುವಾರ ಸಿಕ್ಕಿದ್ದು ತಿಂದು ಮೈಚಾಚಿದ್ರೆ ಸೋಮವಾರ ಎದಿ ಕಟ್ಟದೆ ಇನ್ನೇನಾಗುತ್ತೆ?" ಅಂದಿನಿಂದ ಸೋಮವಾರ ಒಪ್ಪತ್ತು ಶುರುವಾಯಿತು. ಅದು ನಾಟಲಿಲ್ಲ, ಪಥ್ಯ ಬಂತು. ನೋಡಲು ಬಂದವರೆಲ್ಲ ಒಂದೊಂದು ಪದಾರ್ಥದ ಮೇಲೆ ತಪ್ಪು ಹೊರಿಸಿ ಹೋದರು. ಮೊಸರು ಶೀತ, ಬಾಳೆಹಣ್ಣು ಕಫ, ಶೇಂಗಾ ಪಿತ್ತ, ತುಪ್ಪ ಜಿಡ್ಡು. ಉಳಿದದ್ದು ಗಂಜಿ ಮತ್ತು ಮೆಣಸಿನ ಸಾರು. ಬೀಡಿಯ ಮೇಲೆ ಮಾತ್ರ ಯಾರೂ ತಪ್ಪು ಹೊರಿಸಲಿಲ್ಲ, ಅದು ಕಫ ಬಿಚ್ಚುತ್ತದಂತೆ! ಹಾಗೆಂದು ಹೇಳಿದ ದೊಡ್ಡಪ್ಪನೇ ತನ್ನ ಕಟ್ಟಿನಿಂದ ಒಂದು ತೆಗೆದು ಅಪ್ಪನಿಗೆ ಹಚ್ಚಿ ಕೊಡುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ದನದ ಕೊಟ್ಟಿಗೆಗೆಲ್ಲ ಬರೆ ಬಿತ್ತು.

ಅಪ್ಪ ಸಣ್ಣಗಾದ. ಅಂಗಿಯ ತೋಳು ನೇತಾಡತೊಡಗಿತು. ಸೋಮವಾರದ ಹಗ್ಗ ಮಾತ್ರ ಸಡಿಲಾಗಲಿಲ್ಲ.

ಆಗ ಅವ್ವನೇ ಒಂದು ಉಪಾಯ ಕಂಡುಹಿಡಿದಳು. "ರಜಾ ಮಾಡಿದ ಮರುದಿನಾನೇ ಹಿಂಗಾಗ್ತೈತೆ. ಮೈ ಸಡ್ಲ ಬಿಟ್ಟಿದ್ದಕ್ಕೆ ಆಗೋದಿದು. ನಿಮಗೆ ರಜಾ ಆಗಿಬರಲ್ಲ ಕಣ್ರಿ" ಎಂದಳು. ಅವಳ ಮಾತಿನಲ್ಲಿ ಪ್ರೀತಿಯಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಪ್ಪ ಮೇಸ್ತ್ರಿಯನ್ನು ಕೇಳಿಕೊಂಡು ಭಾನುವಾರದ ಕೆಲಸ ಹಿಡಿದ. ಭಾನುವಾರದ ಕೆಲಸವೆಂದರೆ ನಿಂತ ಯಂತ್ರಗಳನ್ನು ಬಿಚ್ಚಿ, ಅವುಗಳ ಹೊಟ್ಟೆಯಲ್ಲಿ ವಾರವಿಡೀ ಕೂತ ಹತ್ತಿಯ ದೂಳನ್ನು ಗುಡಿಸಿ ತೆಗೆಯುವುದು. ಈಗ ವಾರದ ಎಲ್ಲ ದಿನವೂ ಒಂದೇ ಸಮನಾಗಿ ಉಬ್ಬಸ. ಸೋಮವಾರಕ್ಕೆಂದು ಬೇರೆ ಬಿಗಿತವಿಲ್ಲ. ಅವ್ವನಿಗೆ ಗೆದ್ದಷ್ಟು ಸಂತೋಷವಾಯಿತು, ಬೀದಿಯವರಿಗೆಲ್ಲ ಹೇಳಿದಳು.

ಅಷ್ಟರಲ್ಲಿ ನನ್ನ ಮದುವೆಯಾಗಿ ನಾನು ಹರಿಹರ ಸೇರಿದ್ದೆ. ನನ್ನ ಗಂಡ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಒಮ್ಮೆ ಮಿಲ್ಲು ರಿಪೇರಿಗೆಂದು ಎರಡು ವಾರ ಮುಚ್ಚಿದಾಗ ಅಪ್ಪನನ್ನು ಹಟ ಮಾಡಿ ಕರೆತಂದೆ. ಪಥ್ಯವನ್ನು ನಾನು ಗಾಳಿಗೆ ತೂರಿದೆ. ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಡಿಸಿದೆ. ಮೊದಲ ದಿನ ಮೊಸರಿನ ಬಟ್ಟಲನ್ನು ಕಳ್ಳನ ಹಾಗೆ ಅತ್ತಿತ್ತ ನೋಡಿ ಎತ್ತಿಕೊಂಡ. ಎರಡನೆಯ ವಾರ ಒಬ್ಬನೇ ಹೊಳೆದಂಡೆಯವರೆಗೆ ನಡೆದುಹೋಗಿ, ಬರುವಾಗ ಬದನೆಕಾಯಿ ತಂದ.

ಊರಿಗೆ ಹಿಂದಿರುಗಿ ಮಿಲ್ಲಿಗೆ ಕಾಲಿಟ್ಟ ದಿನವೇ ಎಂದೂ ಇಲ್ಲದಷ್ಟು ಉಬ್ಬಸ ಬಂತು. ನಾಲ್ಕು ಜನ ಹಿಡಿದು ಮನೆಗೆ ತಂದರಂತೆ. ದೊಡ್ಡಪ್ಪನ ತೀರ್ಪು ಸಿದ್ಧವಾಗಿತ್ತು: ಹೊಳೆಗಾಳಿ, ಮಗಳ ಮನೆಯ ಮೊಸರು. ನಾನು ಓಡಿಹೋಗಿ, "ನಮ್ಮಲ್ಲಿ ಆರಾಮಿದ್ದ, ಇಲ್ಲಿಗೆ ಬಂದ ಮ್ಯಾಲೆ ಕೆಟ್ಟಾನೆ. ಕಣ್ಣಿಗೆ ಕಾಣಲ್ವಾ ನಿಮಗೆ?" ಎಂದು ಕೂಗಾಡಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅವ್ವ ಒಂದು ಲೋಟ ನೀರು ಕೊಟ್ಟು, "ನಿನ್ನ ಮನೆ ನೀ ನೋಡ್ಕೊ ಹೋಗವ್ವ" ಎಂದಳು.

ಅರವತ್ತರ ದಶಕದ ನಡುವೆ ಅಪ್ಪನ ಕಾಲು ಬಾತವು. ಅವ್ವ ಮತ್ತು ನಾನು ಸರ್ಕಾರಿ ದವಾಖಾನೆಗೆ ಕರೆದೊಯ್ದೆವು. ಹೊಸದಾಗಿ ಬಂದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಮಿಲ್ಲಿನಲ್ಲಿ ಯಾವ ಕೆಲಸವೆಂದು ವಿಚಾರಿಸಿ, "ಶುರುವಾದಾಗ ಯಾವ ದಿನ ಜಾಸ್ತಿ ಇರ್ತಿತ್ತು?" ಎಂದರು.

ಅವ್ವ ಉತ್ಸಾಹದಿಂದ ಹೇಳಿದಳು: "ರಜಾದ ಮರುದಿನ ಸ್ವಾಮಿ. ಅದಕ್ಕೇ ರಜಾ ಬಿಡಿಸಿದ್ವಿ."

ಡಾಕ್ಟರು ಬೈಯದೆ, ನಿಧಾನವಾಗಿ ಹೇಳಿದರು. ಹತ್ತಿ ದೂಳಿನ ಎದೆ ಹಾಗೇ. ಒಂದು ದಿನ ಬಿಡುವು ಸಿಕ್ಕು ಮತ್ತೆ ದೂಳಿಗೆ ಹೋದರೆ ಮೊದಲ ದಿನ ಬಿಗಿಯುತ್ತದೆ. ಆಗಲೇ ಮಿಲ್ಲಿನ ಕೆಲಸ ಬಿಡಿಸಬೇಕಿತ್ತು. ಈಗ ಶ್ವಾಸಕೋಶದ ಭಾರ ಹೃದಯಕ್ಕೆ ಬಿದ್ದಿದೆ, ಕಾಲು ಬಾತಿರುವುದು ಅದಕ್ಕೆ. ಮೇಲೆ ಬೀಡಿ. ಅದರ ಮೇಲೆ ಈ ಎಲುಬುಗೂಡು. ಇಂಥ ಮೈಯಲ್ಲಿ ಒಂದು ನೆಗಡಿ ಎದೆಗಿಳಿದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. "ಇವರಿಗೆ ಊಟ ಕೊಡೋದು ಯಾಕೆ ನಿಲ್ಲಿಸಿದ್ರಿ?" ಎಂದು ಕೇಳಿದರು.

ಅವ್ವ ಅಪ್ಪನ ಅಂಗಿಯ ಗುಂಡಿ ಹಾಕಿ, ತೋಳು ಹಿಡಿದು ಎಬ್ಬಿಸಿದಳು. ಮನೆಯ ಹತ್ತಿರ ಬಂದಾಗ, "ಅವನಿಗೇನು ಗೊತ್ತು? ನಿನ್ನೆ ಮೊನ್ನೆ ಬಂದೋನು" ಎಂದಳು.

ಅಪ್ಪ ಮಿಲ್ಲು ಬಿಟ್ಟ. ಅವನ ಜಾಗಕ್ಕೆ ನನ್ನ ತಮ್ಮನನ್ನು ತೆಗೆದುಕೊಂಡರು. ಅಪ್ಪ ಜೀವಮಾನದಲ್ಲಿ ಮೊದಲ ಸಲ ಯಾರನ್ನೂ ಕೇಳದೆ, ಕೈಚೀಲ ಹಿಡಿದು ರೈಲು ಹತ್ತಿ ನಮ್ಮ ಮನೆಗೆ ಬಂದ. ಬೀಡಿ ಬಿಟ್ಟ. ಮೊಸರು ಉಂಡ. ಹೋದ ಮಾಂಸ ಬರಲಿಲ್ಲ. ಬಾಗಿಲ ಬಿಸಿಲಿಗೆ ಕೂತು, "ಇಲ್ಲಿ ಸೋಮವಾರ ಬಂದದ್ದೇ ಗೊತ್ತಾಗಲ್ಲ ನೋಡವ್ವ" ಎನ್ನುತ್ತಿದ್ದ. ಆ ಚಳಿಗಾಲದಲ್ಲಿ ಒಂದು ನೆಗಡಿ ಬಂತು. ಡಾಕ್ಟರು ಹೇಳಿದ ಹಾಗೇ ಎದೆಗಿಳಿಯಿತು. ಅಪ್ಪ ಹೋದ.

ಹೊಳೆಗಾಳಿಯ ಮಾತನ್ನು ಮಣ್ಣು ಮಾಡಿದ ದಿನವೇ ದೊಡ್ಡಪ್ಪ ಆಡಿದ. ಅವ್ವ ತಲೆಯಾಡಿಸಿದಳು. ಅವಳ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅವಳು ಯಾಕೆ ತಲೆಯಾಡಿಸಿದಳೆಂದು ಗೊತ್ತು. ಡಾಕ್ಟರ ಮಾತು ನಿಜವೆಂದು ಒಪ್ಪಿದರೆ, ಬುತ್ತಿ ಕಟ್ಟಿಕೊಟ್ಟು ಆ ಭಾನುವಾರಗಳ ಕೆಲಸಕ್ಕೆ ಅಪ್ಪನನ್ನು ಕಳಿಸಿದವಳು ತಾನು ಎಂದೂ ಒಪ್ಪಬೇಕು. ಅದನ್ನು ಒಪ್ಪಿಕೊಂಡು ಅವಳು ಬದುಕುವ ಹಾಗಿರಲಿಲ್ಲ.

ವರ್ಷ ತುಂಬಿದ ಮೇಲೆ ಒಂದು ಸೋಮವಾರ ಸಂಜೆ ತವರಿಗೆ ಹೋಗಿದ್ದೆ. ತಮ್ಮ ಮಿಲ್ಲಿನಿಂದ ಬಂದು, ಮೊಣಕಾಲಿನ ಮೇಲೆ ಕೈಯೂರಿ ಕೂತ. "ಭಾನುವಾರಕ್ಕೆ ನಮ್ಮ ಮನೆಗೆ ಬಾರೋ, ಹಂಗೇ ಅಲ್ಲೇ ಉಳಿ" ಎಂದೆ.

ಅವ್ವ ಟವೆಲ್ಲಿನಿಂದ ಅವನ ತಲೆ ಝಾಡಿಸುತ್ತಾ, ನನ್ನ ಕಡೆ ನೋಡದೆ, ಮಗನಿಗೆ ಹೇಳಿದಳು: "ಮೇಸ್ತ್ರಿನ್ನ ಕೇಳಿ ಭಾನುವಾರದ ಕೆಲಸ ಹಿಡಿಯಪ್ಪ. ನಿಮ್ಮಪ್ಪಗೂ ರಜಾ ಆಗಿಬರ್ತಿರ್ಲಿಲ್ಲ."